ಬೀರದೇವರ ಓಣಿಯ ನಳ

೧೯೭೬ರ ಏಪ್ರಿಲ್ ೧೩, ಮಂಗಳವಾರ. ಬೆಳಗ್ಗೆ ಎಂಟೂವರೆಗೆ ಹಿರೇಗೊಣ್ಣೂರ ಪೊಲೀಸ್ ಠಾಣೆಯ ಮೆಟ್ಟಿಲೇರಿದ ಸಿದ್ದರಾಯನಿಗೆ ತಲೆಯ ಮೇಲೆ ರುಮಾಲಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ. ಬಂದವನು ನಮಸ್ಕಾರವನ್ನೂ ಹೇಳಲಿಲ್ಲ.

"ನಮ್ಮವ್ವ ಸತ್ತಾಳ್ರಿ, ಸಾಹೇಬರ. ನನ್ನ ಹೇಣ್ತಿ ವಿಷಾ ಹಾಕ್ಯಾಳ."

ಸಬ್ ಇನ್ಸ್‌ಪೆಕ್ಟರ್ ಬಸಂತರಾಯ, ಊರಿನವರ ಬಾಯಲ್ಲಿ ಫೌಜದಾರರು, ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟರು.

"ಹಾಕಿದ್ದು ನೀ ನೋಡಿದೇನು?"

"ಇಲ್ರಿ. ನಿನ್ನೆ ಮುಂಜಾನಿಂದ ಹೊಲದಾಗಿದ್ದೆ."

"ಮತ್ತ ಹೆಂಗ ಹೇಳ್ತಿ?"

"ಅವ್ವ ಸೋಮವಾರ ಉಪಾಸ ಇರ್ತಿದ್ಲರಿ. ಹೊತ್ತು ಮುಳುಗೂ ಮಟ ಬರೇ ನೀರು. ಆ ನೀರು ಕೊಟ್ಟಾಕಿ ಇಕಿನ. ಸಂಜಿಗೆ ಬಂದು ನೋಡಿದ್ರ ಅವ್ವ ಬಾಯಾಗ ನೊರಿ ಬಿಟ್ಟು ಕೈಕಾಲು ಬಡ್ಯಾಕತ್ತಿದ್ಲು. ದೀಪ ಹಚ್ಚೂದ್ರಾಗ ಹೋದ್ಲರಿ."

"ಅತ್ತಿ ಸೊಸಿ ನಡುವ ಜಗಳ ಇತ್ತೇನು?"

ಸಿದ್ದರಾಯ ನೆಲ ನೋಡಿದ. "ಯಾರ ಮನ್ಯಾಗ ಇಲ್ರಿ?" ಅಂದ.

ಕೊಲೆಯ ಕಲಂ ೩೦೨ರ ಕೆಳಗೆ ಎಫ್‌ಐಆರ್ ದಾಖಲಾಯಿತು. ಆ ಅಂಕಿ ಬರೆಯುವಾಗ ಬಸಂತರಾಯರಿಗೆ ಇಷ್ಟು ವರ್ಷದ ನೌಕರಿಯಲ್ಲಿ ಕೈ ಹಗುರಾದದ್ದೇ ಇಲ್ಲ. ಹೆಸರು ಒಮ್ಮೆ ಕಾಗದಕ್ಕೆ ಏರಿತೆಂದರೆ ಇಳಿಸುವುದು ಸುಲಭವಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಬೀರದೇವರ ಓಣಿ ತುಂಬ ಜನ. ಸಿದ್ದರಾಯನ ಮನೆಯ ಅಂಗಳದಲ್ಲಿ ಅವನ ತಾಯಿ ಶೇವಂತೆವ್ವನ ಹೆಣ ಮಲಗಿಸಿದ್ದರು. ಒಣಕಲು ಮೈಯ ಮುದುಕಿ, ಮುಷ್ಟಿಗಳು ಇನ್ನೂ ಬಿಗಿದೇ ಇದ್ದವು. ಪಂಚರನ್ನು ಕರೆದು ಶವಪಂಚನಾಮೆ ಮಾಡಿ, ಹೆಣವನ್ನು ಟ್ರ್ಯಾಕ್ಟರಿನಲ್ಲಿ ಮುದ್ದೇಬಿಹಾಳದ ದವಾಖಾನೆಗೆ ಕಳಿಸಿದರು. ಆಮೇಲೆ ಅಡುಗೆಮನೆಗೆ ಹೋದ ಹವಾಲ್ದಾರ ಜೈನುದ್ದೀನ ಬರಿಗೈಲಿ ಹೊರಗೆ ಬಂದ. ಕೊಡ, ಹಂಡೆ, ತಂಬಿಗೆ ಎಲ್ಲ ಬೋರಲು. ಸಾವಿನ ಮನೆಯಲ್ಲಿ ತುಂಬಿದ ನೀರು ಇಡಬಾರದೆಂದು ನೆರೆಯ ಹೆಂಗಸರು ರಾತ್ರಿಯೇ ಎಲ್ಲವನ್ನೂ ಚೆಲ್ಲಿ, ತೊಳೆದು, ಸಾರಿಸಿಬಿಟ್ಟಿದ್ದರು. ಅವರು ರೂಢಿ ಪಾಲಿಸಿದ್ದರು, ಸಾಕ್ಷಿ ಮೋರಿಗೆ ಹೋಗಿತ್ತು.

ಸೊಸೆ ಸಾತವ್ವ ಗೋಡೆಗೆ ಒರಗಿ ನಿಂತಿದ್ದಳು. ಇಪ್ಪತ್ತೆರಡರ ಹುಡುಗಿ. ಅತ್ತೂ ಅತ್ತೂ ಮುಖ ಊದಿತ್ತು, ಆದರೆ ಮಾತು ಗಟ್ಟಿಯಾಗಿತ್ತು.

"ಅತ್ತಿಗೆ ಏನು ಕೊಟ್ಟಿ?"

"ನೀರ್ರಿ."

"ನೀರಾಗ?"

"ನೀರಾಗ ನೀರ ಇತ್ರಿ."

"ಎಲ್ಲೀದು?"

"ಓಣಿ ನಳದ್ದು. ಕೊಡಾ ತಂದಿಳಿಸಿ, ತಂಬಿಗಿ ತುಂಬಿ ಆಕಿ ಕೈಗೆ ಕೊಟ್ಟು, ಕೊಡಾ ಬಾಜೂಕ ಇಟ್ಟು ಹೊಲಕ್ಕ ಹೋದೆ."

"ಆ ನೀರು ನೀ ಕುಡದೇನು?"

"ಇಲ್ರಿ. ಹೊಲದಾಗ ಬಾವಿ ನೀರು ಕುಡದೆ."

ನಿಂತ ಜನರಲ್ಲಿ ಗುಜುಗುಜು ಎದ್ದಿತು. ತಾನು ಕುಡಿಯದ ನೀರನ್ನು ಅತ್ತೆಗೆ ಕೊಟ್ಟಳಂತೆ! ಅಷ್ಟರಲ್ಲಿ ಹಿತ್ತಲಿನಿಂದ ಒಬ್ಬ ಪೇದೆ ಎಂಡ್ರಿನ್ ಡಬ್ಬಿ ಎತ್ತಿಕೊಂಡು ಬಂದ. ಹತ್ತಿಯ ಹುಳಕ್ಕೆ ಹೊಡೆಯುವ ಆ ವಿಷದ ಡಬ್ಬಿಯ ಬಾಯಿ ಕತ್ತರಿಸಿ ಒಳಗೆ ಸೋರೆ ಬೀಜ ತುಂಬಿಟ್ಟಿದ್ದರು. "ಸಿಕ್ತು ನೋಡ್ರಿ!" ಎಂದು ಯಾರೋ ಕೂಗಿದರು. ಸಿದ್ದರಾಯ ಹೆಂಡತಿಯ ಮೇಲೆ ಏರಿ ಹೋದ. ಇಬ್ಬರು ಅವನನ್ನು ಹಿಡಿದು ನಿಲ್ಲಿಸಬೇಕಾಯಿತು.

ಜೈನುದ್ದೀನ ಫೌಜದಾರರ ಕಿವಿಯ ಹತ್ತಿರ ಬಂದ. "ಸಾಹೇಬರ, ಇಂಥಾದ್ದು ನಮ್ಮ ಮನ್ಯಾಗೂ ಒಂದೈತ್ರಿ. ಚಿಮಣಿ ಎಣ್ಣಿ ಇಟ್ಟೇವಿ."

ಆದರೂ ಡಬ್ಬಿ ಜಪ್ತಾಯಿತು. ಸಾತವ್ವನನ್ನು ಠಾಣೆಯ ಪಡಸಾಲೆಯಲ್ಲಿ ಕೂರಿಸಿದರು. ಜೊತೆಗೆ ಇರಲೆಂದು ಓಣಿಯ ಇಮಾಮಬಿ ತಾನಾಗಿಯೇ ಬಂದಳು. ಬಸಂತರಾಯರು ದಸ್ತಗಿರಿ ಮಾಡಲಿಲ್ಲ. ವಿಷ ಹಾಕಿದವಳು ತಾನು ಹೊಲದ ನೀರು ಕುಡಿದೆನೆಂದು ಇಷ್ಟು ಸಲೀಸಾಗಿ ಹೇಳುತ್ತಾಳೆಯೇ ಎಂಬುದೊಂದು ಮುಳ್ಳು ಒಳಗೆ ಚುಚ್ಚುತ್ತಿತ್ತು.

ಸಂಜೆ ನಾಲ್ಕಕ್ಕೆ ಮುದ್ದೇಬಿಹಾಳದಿಂದ ಎರಡು ಫೋನ್ ಬಂದವು. ಮೊದಲನೆಯದು ಡಾಕ್ಟರರದು. ಎಂಡ್ರಿನ್ ಜಾತಿಯ ವಿಷವೇ ಇರಬೇಕು, ಹೊಟ್ಟೆಯಲ್ಲಿ ನೀರು ಬಿಟ್ಟು ಬೇರೇನೂ ಇಲ್ಲ, ಒಳಾಂಗಗಳನ್ನು ಬೆಂಗಳೂರಿಗೆ ಕಳಿಸುತ್ತೇನೆ, ವರದಿಗೆ ಎರಡು ತಿಂಗಳಾದರೂ ಬೇಕು ಎಂದರು. ಎರಡನೆಯದು ಸರ್ಕಲ್ ಇನ್ಸ್‌ಪೆಕ್ಟರ್ ಸಾಹೇಬರದು.

"ಏನ್ರಿ ಬಸಂತರಾಯ, ಡಬ್ಬಿ ಸಿಕ್ಕೈತಿ, ಕೊಟ್ಟಾಕಿ ಸಿಕ್ಕಾಳ. ಇನ್ನೇನು ಮುಹೂರ್ತ ನೋಡಾಕತ್ತೀರೇನು? ನಾಳೆ ಸಂಜಿಯೊಳಗ ಕೋರ್ಟಿಗೆ ಹಾಜರ ಮಾಡ್ರಿ."

ರಿಸೀವರ್ ಇಟ್ಟು ತಿರುಗಿದಾಗ ಬಾಗಿಲಲ್ಲಿ ಜೈನುದ್ದೀನ ನಿಂತಿದ್ದ.

"ಸಾಹೇಬರ, ಒಂದೀಟು ಬರ್ರಿ. ನಳದ ಬುಡಕ ಗುಬ್ಬಿ ಬಿದ್ದಾವ."

ಊರಿಗೆ ನಳ ಬಂದು ಎರಡು ವರ್ಷವಾಗಿತ್ತು. ದೊಡ್ಡ ನೀರಿನ ಟಾಕಿಯಿಂದ ದಿನ ಬಿಟ್ಟು ದಿನ ನಸುಕಿನಲ್ಲಿ ನೀರು ಬಿಡುತ್ತಿದ್ದರು. ಓಣಿಗೊಂದು ಸಿಮೆಂಟ್ ತೊಟ್ಟಿ, ಅದಕ್ಕೆ ನಾಲ್ಕು ನಳ, ಮೇಲೆ ಕಲ್ಲಿನ ಮುಚ್ಚಳ. ಮನಸ್ಸು ಮಾಡಿದರೆ ಒಬ್ಬನೇ ಸರಿಸಬಹುದಾದಂಥದು. ಬೀಗವಿಲ್ಲ. ಕುಡಿಯುವ ನೀರಿಗೆ ಯಾರು ಬೀಗ ಹಾಕುತ್ತಾರೆ?

ನಳದ ಕೆಳಗಿನ ಕೆಸರಿನಲ್ಲಿ ಒಂಬತ್ತೋ ಹತ್ತೋ ಗುಬ್ಬಿಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು. ಸ್ವಲ್ಪ ದೂರದಲ್ಲಿ ಒಂದು ಕೋಳಿ. ಇರುವೆ ಕೂಡ ಮುತ್ತಿರಲಿಲ್ಲ. ಬಸಂತರಾಯರು ಮುಚ್ಚಳ ಸರಿಸಿ ಬಗ್ಗಿದರು. ತಳದಲ್ಲಿ ಗೇಣು ನೀರು. ಬ್ಲೀಚಿಂಗ್ ಪುಡಿಯ ಘಾಟು ಮೂಗಿಗೆ ಹೊಡೆಯಿತು, ಅದರ ಕೆಳಗೆ ಇನ್ನೊಂದು ವಾಸನೆ ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಈ ಓಣಿಯಲ್ಲಿ ಅರವತ್ತು ಮನೆ. ಮನೆ ಮನೆಯಲ್ಲೂ ಸೋಮವಾರದ ನೀರು ಹಂಡೆಯಲ್ಲಿ ಕೂತಿದೆ.

ಅರ್ಧ ತಾಸಿನಲ್ಲಿ ಡಂಗುರ ಸಾರಿಸಿದರು. ಪೇದೆಗಳು ಮನೆ ಹೊಕ್ಕು ಹಂಡೆ ಉರುಳಿಸಿದರು. ಪಂಚರ ಎದುರು ತೊಟ್ಟಿಯ ನೀರನ್ನು ಸೀಸೆಗಳಿಗೆ ತುಂಬಿ ಅರಗಿನ ಸೀಲು ಒತ್ತಿದರು. ಬುಧವಾರ ಬೆಳಗ್ಗೆ ಠಾಣೆಯ ಅಂಗಳದಲ್ಲಿ ಎರಡು ಬಕೆಟ್ ಇಡಿಸಿ, ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ಹಿಂದಿನ ದಿನ ತೆಗೆದಿಟ್ಟ ತೊಟ್ಟಿಯ ನೀರು ಹಾಕಿ, ಕೆರೆಯಿಂದ ತರಿಸಿದ ಮೀನುಗಳನ್ನು ಬಿಟ್ಟರು. ಬಾವಿ ನೀರಿನವು ಆಡಿಕೊಂಡಿದ್ದವು. ತೊಟ್ಟಿ ನೀರಿನವು ಪಂಚರು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಹೊಟ್ಟೆ ಮೇಲೆ ಮಾಡಿದವು. ಪಡಸಾಲೆಯಿಂದ ನೋಡುತ್ತಿದ್ದ ಸಾತವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಹುಡುಗಿಯ ಕೊರಳಿಗೆ ಬಿದ್ದ ಕುಣಿಕೆ ಸಡಿಲಾಯಿತೇ? ಪೂರ್ತಿ ಇಲ್ಲ. ತೊಟ್ಟಿಗೆ ಹಾಕಿದವಳೂ ಅವಳೇ ಎಂದು ಸರ್ಕಲ್ ಸಾಹೇಬರು ಹೇಳಬಹುದು. ಕೈ ಯಾರದೆಂದು ತಿಳಿಯಬೇಕು, ಅದೂ ಸಂಜೆಯೊಳಗೆ. ಬಸಂತರಾಯರು ಇಮಾಮಬಿಯನ್ನು ಕರೆದರು.

"ಓಣ್ಯಾಗ ಮತ್ತ ಯಾರಿಗರ ತ್ರಾಸ ಆಗಿತ್ತೇನು?"

"ಹತ್ತು ಹನ್ನೆರಡು ಮನ್ಯಾಗ ವಾಂತಿ, ತಲಿತಿರುಗು ಆಗಿತ್ರಿ. ನನಗೂ ಆಗಿತ್ತು. ಉಂಡವರು ತಡಕೊಂಡ್ರು, ಶೇವಂತೆವ್ವ ಖಾಲಿ ಹೊಟ್ಟೀಲೆ ದಿನಾ ಪೂರ್ತಿ ಅದನ್ನ ಕುಡದಳು."

"ಮತ್ತ ಯಾಕ ಬಾಯಿ ಬಿಡಲಿಲ್ಲ?"

"ನಳ ಬಂದಾಗಿಂದ ವಾಂತಿ ಇದ್ದದ್ದ ಐತ್ರಿ. ಎಷ್ಟಂತ ಹೇಳೂದು?"

"ವಾಸನಿ ಬರಲಿಲ್ಲೇನು?"

"ಬಂತ್ರಿ. ನೀರೂ ಒಂಚೂರು ಬೆಳ್ಳಗಿತ್ತು. ಪುಡಿ ಜಾಸ್ತಿ ಹಾಕ್ಯಾರ ಅಂದ್ಕೊಂಡ್ವಿ."

ಆ ಪುಡಿಯ ಕತೆ ಊರಿಗೆಲ್ಲ ಗೊತ್ತಿದ್ದದ್ದೇ. ಹೋದ ಮಳೆಗಾಲದಲ್ಲಿ ಈ ಓಣಿಗೆ ವಾಂತಿಭೇದಿ ಬಡಿದಿತ್ತು. ನಳದ ಪೈಪು ಗಟಾರದ ಒಳಗೇ ಹಾದು ಬರುತ್ತದೆ, ಅಲ್ಲಿ ಒಡೆದಿದೆ, ಬದಲಿಸಿ ಎಂದು ಜನ ಪಂಚಾಯತಿಗೆ ಹೋದರು. ಚೇರಮನ್ನರು ಪೈಪು ಬದಲಿಸಲಿಲ್ಲ. ಬುಟ್ಟಿಗಟ್ಟಲೆ ಬ್ಲೀಚಿಂಗ್ ಪುಡಿ ಸುರಿಸಿ, ವಾಸನೆ ಬಂದರೆ ಹೆದರಬೇಡಿ, ಅದು ಪುಡಿಯ ವಾಸನೆ, ಮೂಗು ಮುಚ್ಚಿ ಕುಡಿಯಿರಿ, ಆರೋಗ್ಯಕ್ಕೆ ಒಳ್ಳೆಯದು ಎಂದು ಡಂಗುರ ಹೊಡೆಸಿದರು. ಜನ ಹೇಳಿದಂತೆ ಕೇಳಿದರು. ನಾರುವ ನೀರು ಕುಡಿಯುವುದನ್ನು ಒಂದು ಇಡೀ ಓಣಿಗೆ ಕಲಿಸಿದ ಪುಣ್ಯಾತ್ಮರು ಅವರು.

"ಸೋಮವಾರ ಯಾರೂ ಬ್ಯಾಡ ಅನ್ನಲಿಲ್ಲೇನು?"

"ರೇವಣಪ್ಪ ಕಾಕಾ ಅಂದ್ರಿ. ನಳದ ಮುಂದ ನಿಂತು ಒದರಾಡಿದ. ಕುಡೀಬ್ಯಾಡ್ರಿ, ಚೆಲ್ರಿ ಅಂತ. ಒಂದು ಕೊಡಾನೂ ಒದ್ದು ಉಳ್ಳಿಸಿದ. ನಾವು ನಕ್ಕೋತ ತುಂಬಿಕೊಂಡ್ವಿ. ವಾಂತಿಭೇದ್ಯಾಗ ಮೊಮ್ಮಗಳು ಹೋದಾಗಿಂದ ಅಂವಾ ನೀರಿನ ಮಾತು ಬಂದ್ರ ಹಂಗ ಮಾಡ್ತಾನ್ರಿ."

"ಮೊದಲೂ ಕೊಡಾ ಒದ್ದಿದ್ದನೇನು?"

ಇಮಾಮಬಿ ನೆನಪಿಸಿಕೊಂಡಳು. "ಇಲ್ರಿ. ಬರೇ ಬೈತಿದ್ದ."

"ಅವತ್ತು ಒದ್ದದ್ದು ಯಾರ ಕೊಡಾ?"

"ಸಾತವ್ವಂದು."

ಪಡಸಾಲೆಯಲ್ಲಿದ್ದ ಸಾತವ್ವ ಹೌದೆಂದು ತಲೆಯಾಡಿಸಿದಳು. ಬಸಂತರಾಯರು ಟೋಪಿ ಹಾಕಿಕೊಂಡು ಎದ್ದರು. ತಿಂಗಳಾನುಗಟ್ಟಲೆ ಬಾಯಲ್ಲಿ ಬೈದವನು ಅಂದು ಮಾತ್ರ ಕಾಲೆತ್ತಿದ್ದ. ಅಂದಿನ ನೀರು ಬೇರೆಯದೆಂದು ಇಡೀ ಓಣಿಯಲ್ಲಿ ಒಬ್ಬನಿಗೇ ಗೊತ್ತಿತ್ತು.

ರೇವಣಪ್ಪ ಮನೆಯ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂತಿದ್ದ. ಅರವತ್ತರ ಆಳು. ಪೊಲೀಸರನ್ನು ಕಂಡು ಏಳಲಿಲ್ಲ, ಓಡಲೂ ಇಲ್ಲ.

"ಸೋಮವಾರ ಸಾತವ್ವನ ಕೊಡಾ ಯಾಕ ಒದ್ದಿ?"

"ನೀರು ಕೆಟ್ಟಿತ್ರಿ."

"ನೀರು ಕೆಟ್ಟು ಭಾಳ ದಿನ ಆತು. ಅವತ್ತ ಯಾಕ?"

ರೇವಣಪ್ಪ ಕಂಬಳಿಯ ಅಂಚು ಮಡಚತೊಡಗಿದ.

"ರೇವಣಪ್ಪ, ಆ ಹುಡುಗಿನ್ನ ಸಂಜಿಗೆ ಕೋರ್ಟಿಗೆ ಒಯ್ತೇವಿ. ಕೊಲಿ ಕೇಸು. ಗೊತ್ತೈತಿಲ್ಲ?"

ಎರಡು ದಿನದಿಂದ ಅವನು ಇದೇ ಮಾತಿಗೆ ಕಾದಿದ್ದನೋ, ಇದೇ ಮಾತಿಗೆ ಅಂಜಿದ್ದನೋ, ಹೇಳುವುದು ಕಷ್ಟ.

"ಆಕಿನ್ನ ಬಿಡ್ರಿ. ನಾ ಹಾಕಿದ್ದು."

"ಏನು?"

"ಎಂಡ್ರಿನ್. ನಸುಕಿನ್ಯಾಗ ನೀರು ಬಿಟ್ಟಿದ್ರು, ಮುಚ್ಚಳ ಸರಿಸಿ ಸುರುವಿದೆ. ಹತ್ತಿ ಹೊಲದ ಮಂದಿ ನಾವು, ಅದರ ವಾಸನಿ ಸಣ್ಣ ಕೂಸಿಗೂ ಗೊತ್ತು. ಒಬ್ಬರೂ ಬಾಯಿಗೆ ಹಚ್ಚಾಂಗಿಲ್ಲ ಅಂದ್ಕೊಂಡೆ. ಗದ್ದಲ ಆಗ್ತೈತಿ, ತೊಟ್ಟಿ ಮುಚ್ಚತಾರ, ಮ್ಯಾಲಿನ ಸಾಹೇಬರು ಬರತಾರ, ಆ ಪೈಪು ಕೀಳತಾರ ಅಂದ್ಕೊಂಡೆ. ನಾ ಒಬ್ಬ ಒದರಿದ್ರ ಯಾರು ಕೇಳ್ಯಾರ್ರಿ?"

"ಹೆಂಗಸರು ತುಂಬಾಕತ್ತಿದ್ದು ಕಣ್ಣಾರೆ ನೋಡಿದಿ. ಎಂಡ್ರಿನ್ ಹಾಕೇನಿ ಅಂತ ಯಾಕ ಹೇಳಲಿಲ್ಲ?"

ರೇವಣಪ್ಪ ಅಂಗೈ ನೋಡಿಕೊಂಡ.

"ನಾಲಿಗಿ ತುದಿಗೆ ಬಂದಿತ್ರಿ. ಹೇಳಿದ್ರ ನೀವು ನನ್ನ ಹಿಡೀತಿದ್ರಿ. ಅಂಜಿಕಿ ಬಂತು."

ತಿಪ್ಪೆಯಲ್ಲಿ ಹೂತ ಬಾಟಲಿಯನ್ನು ಅವನೇ ತೋರಿಸಿದ. ಜಪ್ತಿ ಪಂಚನಾಮೆ ಮುಗಿಸಿ ಮಧ್ಯಾಹ್ನ ಮೂರಕ್ಕೆ ದಸ್ತಗಿರಿ ಮಾಡಿದರು. ಕೈಗೆ ಬೇಡಿ ಹಾಕುವಾಗ ಓಣಿಯವರು ಬಾಗಿಲುಗಳಲ್ಲಿ ನಿಂತು ನೋಡಿದರು. ಯಾರೂ ಬೈಯಲಿಲ್ಲ.

ಸಾತವ್ವನ ಹೇಳಿಕೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು, "ಇನ್ನ ನೀ ಮನಿಗೆ ಹೋಗವಾ" ಎಂದರು ಬಸಂತರಾಯರು. ಹೊರಗೆ ಸಿದ್ದರಾಯ ತಲೆ ತಗ್ಗಿಸಿ ನಿಂತಿದ್ದ. ಅವಳು ಅವನ ಕಡೆ ಹೋಗದೆ ಲಾಕಪ್ಪಿನ ಸರಳುಗಳ ಮುಂದೆ ಹೋಗಿ ನಿಂತಳು.

"ಕಾಕಾ, ನೀ ಕೊಡಾ ಒದ್ದಾಗ ನಿನಗ ಏನೇನೋ ಬೈದೆ. ಮತ್ತ ತುಂಬಿಕೊಂಡೆ. ತುಂಬೂತನಕ ನೀ ಬಾಜೂಕ ನಿಂತಿದ್ದಿ."

"ಹೌದವಾ."

"ತಂಬಿಗಿ ಆಕಿ ಕೈಗೆ ಕೊಟ್ಟದ್ದು ನಾ, ಕಾಕಾ."

ರೇವಣಪ್ಪ ಗೋಡೆಯ ಕಡೆ ತಿರುಗಿದ. ಸಾತವ್ವ ಮೆಟ್ಟಿಲಿಳಿದು, ಗಂಡನನ್ನು ದಾಟಿ, ತಂಗಡಗಿಯ ತವರಿನ ದಾರಿ ಹಿಡಿದಳು. ಸಿದ್ದರಾಯ ಎರಡು ಹೆಜ್ಜೆ ಹಿಂದೆ ಹೋಗಿ ನಿಂತುಬಿಟ್ಟ.

ಸಂಜೆ ಬಸಂತರಾಯರು ಕೇಸ್ ಡೈರಿ ಬರೆಯಲು ಕೂತರು. ಹೋದ ಮಳೆಗಾಲದಲ್ಲಿ ಸತ್ತ ರೇವಣಪ್ಪನ ಮೊಮ್ಮಗಳಿಗೆ ಆರು ವರ್ಷ, ಹೆಸರು ರೇವವ್ವ. ಅಜ್ಜನ ಹೆಸರನ್ನೇ ಇಟ್ಟಿದ್ದರು. ವಾಂತಿಭೇದಿಯಾದಾಗ ನೀರು ನೀರು ಎಂದು ಕೇಳಿದ ಕೂಸಿಗೆ ಅಜ್ಜನೇ ಕೂತು ಆ ನಳದ ನೀರನ್ನು ಬೊಗಸೆ ಬೊಗಸೆ ಕುಡಿಸಿದ್ದ, ಪ್ರಾಣ ಹೋಗುವವರೆಗೂ. ಆ ಪೈಪನ್ನು ಹಾಗೇ ಬಿಟ್ಟವರ ಹೆಸರು ಬರೆಯಲು ಡೈರಿಯಲ್ಲಿ ಜಾಗವಿರಲಿಲ್ಲ. ಅಪರಾಧದ ಉದ್ದೇಶ ಎಂಬಲ್ಲಿ ಬಸಂತರಾಯರು ಬರೆದರು: 'ಓಣಿಯ ಜನ ಆ ನೀರು ಕುಡಿಯದಿರಲಿ ಎಂಬ ಕಾರಣಕ್ಕಾಗಿ ಆರೋಪಿಯು ನೀರಿಗೆ ವಿಷ ಹಾಕಿರುತ್ತಾನೆ.' ಓದಿದರೆ ಬುದ್ಧಿಯಿದ್ದವರು ಬರೆದ ವಾಕ್ಯದಂತೆ ಕಾಣಲಿಲ್ಲ. ಮತ್ತೊಮ್ಮೆ ಓದಿದರು. ತಿದ್ದಲು ಒಂದು ಶಬ್ದವೂ ಇರಲಿಲ್ಲ. ಕೆಳಗೆ ಸಹಿ ಮಾಡಿದರು.