ಮಾತ್ರೆಗೆ ಅಡ್ಡ ಬಂದದ್ದು

"ನಿಜ ಹೇಳು, ಮಾತ್ರೆ ತಪ್ಪಿಸ್ತಿದ್ದೀಯಾ?"

ಒಬುಯಾ ಮೆಲ್ಲಗೇ ಕೇಳಿದ್ದ. ಆದರೂ ಅಡೋಯೊಳ ಹೊಲಿಗೆಯಂತ್ರ ಗಕ್ಕನೆ ನಿಂತಿತು.

"ಕ್ಲಿನಿಕ್ಕಿನವರ ಹಾಗೆ ನೀನೂ ಕೇಳಿಬಿಟ್ಟೆಯಲ್ಲ!"

ಎಂಬಿಟಾ ಪೇಟೆಯಲ್ಲಿದ್ದ ಅವಳ ಪುಟ್ಟ ಹೊಲಿಗೆ ಅಂಗಡಿಗೆ ಅವನು ದಿನಾ ಬರುತ್ತಿದ್ದ. ಸರೋವರದ ದಡದಲ್ಲಿ ದೋಣಿ ಎಂಜಿನ್ ರಿಪೇರಿ ಅವನ ಕೆಲಸ. ಮಧ್ಯಾಹ್ನದ ಊಟ ಮಾತ್ರ ಇವಳ ಜೊತೆ. ತನಗೆ ಎಚ್‌ಐವಿ ಇದೆಯೆಂದು ಅವಳು ಪರಿಚಯವಾದ ಹೊಸದರಲ್ಲೇ ಹೇಳಿದ್ದಳು. ಅವನು ಓಡಿಹೋಗಲಿಲ್ಲ, ಮದುವೆಯಾಗೋಣ ಎಂದ. ಆದರೆ ವೈರಸ್ ಪೂರ್ತಿ ಅಡಗುವ ತನಕ ಮದುವೆಯ ಮಾತೇ ಬೇಡವೆಂಬುದು ಅವಳ ಹಠ. ಇವತ್ತಿನ ರಕ್ತಪರೀಕ್ಷೆಯ ವರದಿಯಲ್ಲೂ ಅದು ಅಡಗಿರಲಿಲ್ಲ.

"ಒಂದು ದಿನವೂ ತಪ್ಪಿಸಿಲ್ಲ ಕಣೋ. ನಂಬಿದ್ರೆ ನಂಬು."

ಸಿಟ್ಟಿನಲ್ಲಿ ಹೊಳೆಯುವ ಆ ಕಣ್ಣುಗಳನ್ನೇ ಅವನು ನೋಡಿದ.

"ನಂಬಿದೆ. ಹಾಗಾದ್ರೆ ಔಷಧಿ ಎಲ್ಲಿ ಸಿಕ್ಕಿಹಾಕ್ಕೊಳ್ತಿದೆ? ಪೆಟ್ರೋಲ್ ಹಾಕಿದ್ರೂ ಎಂಜಿನ್ ಓಡ್ತಿಲ್ಲ ಅಂದ್ರೆ ಮಧ್ಯೆ ಏನೋ ಅಡ್ಡ ಇದೆ."

"ನಾನೇನು ನಿನ್ನ ಎಂಜಿನ್ನಾ?"

"ಎಂಜಿನ್ ಇಷ್ಟು ಸತಾಯಿಸಲ್ಲ ಬಿಡು."

ಅವಳು ತುಟಿ ಕಚ್ಚಿ ನಗು ತಡೆದಳು. ಮೆಕ್ಕೆಜೋಳದ ಮುದ್ದೆಯಾದ ಉಗಾಲಿ, ಮೀನು ಮುಗಿಸಿ ಎಚ್‌ಐವಿ ಮಾತ್ರೆ ನುಂಗಿದಳು. ಹಿಂದೆಯೇ ಇನ್ನೊಂದು ಬಿಳಿ ಮಾತ್ರೆ ಬಾಯಿಗೆ ಹಾಕಿ ಜಗಿದಳು.

"ಅದೇನದು?"

"ಎದೆಯುರಿಗೆ. ನೀನೇ ತಂದುಕೊಡ್ತೀಯಲ್ಲ, ಮರೆತೆಯಾ?"

"ದಿನಾ ಎರಡೂ ಒಟ್ಟಿಗೇ ತಗೋತೀಯಾ?"

"ಹೂಂ, ದಿನಾ."

ಮರುದಿನ ಇಬ್ಬರೂ ಕ್ಲಿನಿಕ್ಕಿಗೆ ಹೋದರು. ಎದೆಯುರಿ ಮಾತ್ರೆಯ ವಿಷಯ ಕೇಳಿ ಅಲ್ಲಿನ ನರ್ಸ್ ಸಿಸ್ಟರ್ ಅವೂರ್ ಹಣೆ ಚಚ್ಚಿಕೊಂಡರು.

"ಇದನ್ನ ಮೊದಲೇ ಹೇಳಬಾರದಾ ಹುಡುಗಿ?"

"ಎದೆಯುರಿ ಮಾತ್ರೇನೂ ಔಷಧಿ ಅಂತ ಯಾರು ಹೇಳ್ತಾರೆ ಸಿಸ್ಟರ್?"

"ನಾನೂ ಕೇಳಲಿಲ್ಲ, ಅದು ನನ್ನ ತಪ್ಪು. ಅದರಲ್ಲಿರೋ ಲೋಹದ ಅಂಶ ನಿನ್ನ ಔಷಧಿಗೆ ಅಂಟಿಕೊಂಡು, ರಕ್ತಕ್ಕೆ ಸರಿಯಾಗಿ ಇಳಿಯೋಕೆ ಬಿಡಲ್ಲ. ಎಲ್ಲರಿಗೂ ಇದೇ ಕಾರಣ ಅಂತಲ್ಲ. ಕೆಲವರಲ್ಲಿ ವೈರಸ್ಸೇ ಔಷಧಿಗೆ ಬಗ್ಗದ ಹಾಗೆ ಆಗಿಬಿಟ್ಟಿರುತ್ತೆ. ಮೊದಲು ಇದನ್ನ ಬಿಟ್ಟು ನೋಡೋಣ."

ಹೊರಗೆ ಬಂದ ಒಬುಯಾನ ಮುಖ ಬಾಡಿತ್ತು. "ಇಷ್ಟು ದಿನ ಅಡ್ಡ ನಿಂತಿದ್ದು ನಾನೇನಾ?"

"ಪ್ರೀತಿಯಿಂದ ನಿಂತಿದ್ದೆ ಬಿಡು," ಎಂದಳು ಅಡೋಯೊ.

ಕೆಲವು ತಿಂಗಳ ಮೇಲೆ ಅವಳು ಹಳದಿ ಅಂಗಿ ತೊಟ್ಟು ದಡಕ್ಕೆ ಬಂದಳು.

"ಕಾಣ್ತಿಲ್ಲವಂತೆ!"

"ಏನು ಕಳ್ಕೊಂಡೆ?"

"ವೈರಸ್ಸು ಕಣೋ! ಪರೀಕ್ಷೆಗೂ ಸಿಗದಷ್ಟು ಅಡಗಿದೆ. ಹೀಗೇ ಇದ್ರೆ ನನ್ನಿಂದ ನಿನಗೆ ಬರಲ್ಲವಂತೆ."

ಅವನು ಎದ್ದು ನಿಂತ. ಗ್ರೀಸು ಮೆತ್ತಿದ ಕೈಗಳನ್ನು ಅವಳ ಅಂಗಿಗೆ ತಾಗದಂತೆ ದೂರ ಹಿಡಿದ.

ಅವಳೇ ಹತ್ತಿರ ಬಂದು ಆ ಕಪ್ಪು ಕೈಗಳನ್ನು ಹಿಡಿದುಕೊಂಡಳು.

"ಸರಿ, ಮದುವೆಗೆ ಒಪ್ಪಿದೆ," ಎಂದಳು.