ಗುಂಡ, ಪುಕ್ಕಲ ಮತ್ತು ಕಚ್ಚುವ ಮೂರನೆಯದು

"ಈ ಅಂಗಡಿ ಯಾರದ್ರೀ?"

ಆ ದನಿಗೆ ಅಕ್ವೇರಿಯಂ ಅಂಗಡಿಯ ಮೀನುಗಳೆಲ್ಲ ಒಮ್ಮೆಗೇ ಗಾಜಿನ ಹಿಂಬದಿಗೆ ಓಡಿದವು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಎದುರಿನ ಸ್ಟೇಷನರಿ ಅಂಗಡಿಯವನು ಗಿರಾಕಿಯನ್ನು ಅರ್ಧಕ್ಕೇ ಬಿಟ್ಟು ಬಾಗಿಲಿಗೆ ಬಂದ. ಪುಕ್ಕಟೆ ಜಗಳ ಸಿಗುವಾಗ ಯಾರು ಬಿಡುತ್ತಾರೆ?

ಹೊಸ ತೊಟ್ಟಿಯ ಗಾಜಿಗೆ ಅಂಟು ಹಚ್ಚುತ್ತಿದ್ದ ಯುವಕ ತಲೆ ಎತ್ತಿದ.

"ನಂದೇ. ಹೇಳಿ."

ಕೂಗಿದ ಹುಡುಗಿ ಕೈಯಲ್ಲಿದ್ದ ರಟ್ಟಿನ ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಕುಕ್ಕಬೇಕೆಂದೇ ಎತ್ತಿದ್ದಳು. ಒಳಗಿನ ಜೀವಗಳ ನೆನಪಾಗಿ ಕೊನೆಯ ಗಳಿಗೆಯಲ್ಲಿ ಕೈ ಮೆತ್ತಗಾಯಿತು. ಪೆಟ್ಟಿಗೆ ಸದ್ದಿಲ್ಲದೆ ಕೂತಿತು.

ಅವನು ಅದನ್ನು ಗಮನಿಸಿದ. ಅವಳಿಗೆ ಗೊತ್ತಾಗಲಿಲ್ಲ.

"ಹೋದ ತಿಂಗಳು ನಿಮ್ಮಮ್ಮ ಈ ಎರಡು ಗಿನಿ ಪಿಗ್ ಕೊಟ್ರು. ಯಾರೋ ಅಂಗಡಿ ಮುಂದೆ ಬಿಟ್ಟು ಹೋಗಿದ್ದಾರೆ, ಪಾಪ, ಸಾಕ್ಕೋ ಮಗಳೇ ಅಂದ್ರು. ನೋಡಿ ಈಗ!"

ಪೆಟ್ಟಿಗೆಯಲ್ಲಿ ಗುಂಡ ಮುಖ ಊದಿಸಿಕೊಂಡು ಕೂತಿದ್ದ. ಅವನ ಹೊಟ್ಟೆಯಡಿ ಪುಕ್ಕಲ ತಲೆ ತೂರಿಸಿಕೊಂಡಿದ್ದ. ಇಬ್ಬರ ಬೆನ್ನ ಮೇಲೂ ಕೂದಲು ಉದುರಿ ದುಂಡಗೆ ಬೋಳಾಗಿತ್ತು. ಅಂಚಿನಲ್ಲಿ ಬಿಳಿ ಹೊಟ್ಟು.

"ಹುಳುಕಡ್ಡಿ!" ಅವಳು ತೋಳು ಮೇಲೆಳೆದಳು. ಮೊಣಕೈ ಕೆಳಗೆ ಕೆಂಪು ಬಳೆಯಂಥ ಗುರುತು. "ಇದು ನನಗೆ ಬಂದಿದ್ದು! ನಾನು ಸಲೂನಿನಲ್ಲಿ ಕೆಲಸ ಮಾಡೋಳು ಕಣ್ರೀ. ಈ ಕೈ ಇಟ್ಕೊಂಡು ಯಾರ ತಲೆ ಮುಟ್ಲಿ? ರೋಗದ ಪ್ರಾಣಿನ ಗೊತ್ತಿದ್ದೂ ಗೊತ್ತಿದ್ದೂ ಸಾಗಹಾಕ್ತೀರಲ್ಲ, ನಾಚಿಕೆ ಆಗಲ್ವಾ?"

ಬೀದಿ ಪೂರ್ತಿ ಕೇಳಿಸಿಕೊಂಡಿತು. ರೋಗ ಎಂಬ ಒಂದು ಮಾತು ಸಾಕು. ಚರ್ಮದ ಮೇಲೊಂದು ಚುಕ್ಕೆ ಕಂಡರೆ ನಮ್ಮ ಜನ ಮನುಷ್ಯರನ್ನೇ ಪೊರಕೆಯಲ್ಲಿ ಆಚೆ ಗುಡಿಸುತ್ತಾರೆ, ಇನ್ನು ಅಂಗಡಿ ಯಾವ ಲೆಕ್ಕ? ಮೀನಿನ ಆಹಾರ ಕೊಳ್ಳಲು ಬಂದಿದ್ದ ಹೆಂಗಸು ಪೊಟ್ಟಣವನ್ನು ಅಲ್ಲೇ ಇಟ್ಟು ಸೀರೆಗೆ ಕೈ ಒರೆಸಿಕೊಂಡು ಇಳಿದು ಹೋದಳು.

ಅವನು ಜಗಳಕ್ಕೆ ಬರಲಿಲ್ಲ. "ತಪ್ಪಾಯ್ತು. ಬಿಟ್ಟು ಹೋಗಿ, ನಾನು ನೋಡ್ಕೋತೀನಿ" ಎಂದ.

ಇಷ್ಟೇನಾ?! ಮನೆಯಿಂದ ಅಂಗಡಿಯ ತನಕ ಬಾಯಿಪಾಠ ಮಾಡಿಕೊಂಡು ಬಂದ ಬೈಗುಳ ಇನ್ನೂ ಅರ್ಧ ಬಾಕಿ ಇತ್ತು.

ಅವಳು ತಿರುಗಿ ಎರಡು ಹೆಜ್ಜೆ ಇಟ್ಟಳು. ಹಿಂದಿನಿಂದ "ವೀಕ್... ವೀಕ್... ವೀಕ್..." ಪುಕ್ಕಲ. ಬೆಳಗ್ಗೆ ಅವಳು ಸೌತೆಕಾಯಿ ಹೆಚ್ಚುವ ಸದ್ದಿಗೆ ಕೂಗುತ್ತಿದ್ದನಲ್ಲ, ಅದೇ ಕೂಗು.

ವಾಪಸ್ ಬಂದು ಪೆಟ್ಟಿಗೆ ಎತ್ತಿಕೊಂಡಳು.

"ನಿಮ್ಮತ್ರ ಬಿಟ್ಟು ಸಾಯಿಸ್ಲಾ? ನಾನೇ ವಾಸಿ ಮಾಡ್ತೀನಿ!"

"ಔಷಧಿ ಹಚ್ಚೋಕೆ ಇಬ್ರು ಬೇಕು. ಒಬ್ಬರು ಹಿಡ್ಕೋಬೇಕು, ಇನ್ನೊಬ್ಬರು ಹಚ್ಬೇಕು," ಎಂದ ಅವನು. "ನಾನು ಸಂಜೆ ಬರ್ತೀನಿ."

"ಬರ್ಲೇಬೇಕು! ಇಲ್ಲಾಂದ್ರೆ ನಾಳೆ ಮತ್ತೆ ಇಲ್ಲೇ ಬಂದು ಕೂಗ್ತೀನಿ!"

ಒಳಗಿನಿಂದ ಅವನ ಅಮ್ಮ ಕತ್ತು ಚಾಚಿದರು. "ಯಾರೋ ಮಗಾ ಅದು? ಮೀನೆಲ್ಲ ಗಾಬರಿಯಾಗಿದಾವೆ."

"ಗಿರಾಕಿ ಕಣಮ್ಮ."

"ಇಂಥ ಗಿರಾಕಿ ದಿನಾ ಒಬ್ಬಳು ಬಂದ್ರೆ ಸಾಕು, ಅಂಗಡಿ ಬಾಗಿಲು ಹಾಕ್ಕೊಂಡು ಹಾಯಾಗಿ ಮಲಗ್ಬಹುದು!"

*

ಸಲೂನಿನಲ್ಲಿ ಅವಳನ್ನು ಎಲ್ಲರೂ 'ಕತ್ತರಿ' ಎಂದೇ ಕರೆಯುತ್ತಿದ್ದರು. ಆ ಹೆಸರು ಕೈಗೋ ನಾಲಿಗೆಗೋ ಎಂದು ಯಾರಾದರೂ ಕೇಳಿದರೆ ಯಜಮಾನಿ ಅಕ್ಕ ನಕ್ಕು ಸುಮ್ಮನಾಗುತ್ತಿದ್ದಳು.

ನೆಲದ ಕೂದಲು ಗುಡಿಸುವ ಕೆಲಸಕ್ಕೆ ಸೇರಿದವಳು ಅವಳು. ವರ್ಷಗಟ್ಟಲೆ ಗುಡಿಸಿ, ತಲೆ ತೊಳೆದು, ಟವೆಲ್ ಒಗೆದು, ಕೊನೆಗೆ ಕನ್ನಡಿಯ ಮುಂದೆ ಒಂದು ಕುರ್ಚಿ ಅವಳದಾಗಿತ್ತು. ಈಗ ಆ ಕುರ್ಚಿ ಖಾಲಿ.

"ಕೈ ವಾಸಿಯಾಗೋ ತನಕ ಗಿರಾಕಿನ ಮುಟ್ಬೇಡ," ಎಂದಿದ್ದಳು ಯಜಮಾನಿ ಅಕ್ಕ. "ಟವೆಲ್ ಮಡಚು. ವಾಸಿಯಾಗ್ಲಿಲ್ಲ ಅಂದ್ರೆ ಬೇರೆಯವರನ್ನ ಕೂರಿಸ್ತೀನಿ. ಬೇಜಾರು ಮಾಡ್ಕೋಬೇಡ, ನಂದೂ ವ್ಯಾಪಾರ."

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಸಿಟ್ಟು ಮಾಡಿಕೊಂಡಳು. ಅದೂ ಮೀನಿನ ಅಂಗಡಿಯವನ ಮೇಲೆ.

ಅವನು ಹೇಳಿದಂತೆ ಸಂಜೆ ಬಂದ. ಮಹಡಿಯ ಮೇಲಿನ ಒಂಟಿ ಕೋಣೆ ಅವಳದು. ಬಾಗಿಲು ತೆರೆದಿಟ್ಟು, ಕೈಗವಸು ಹಾಕಿಕೊಂಡು, ಇಬ್ಬರೂ ನೆಲದ ಮೇಲೆ ಕೂತರು. ಅವನು ಗುಂಡನನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದ. ಅವಳು ಬೋಳು ಜಾಗದ ಸುತ್ತ ಮುಲಾಮು ಹಚ್ಚಿದಳು. ಗೂಡಿನ ಬಟ್ಟೆಯನ್ನೆಲ್ಲ ಕುದಿಯುವ ನೀರಿಗೆ ಹಾಕಿದರು. ಬಟ್ಟೆಯ ಬದಲು ದಿನಾ ಕಾಗದ ಹಾಸಿ, ದಿನಾ ಎಸೆಯಬೇಕೆಂದು ಪ್ರಾಣಿ ಡಾಕ್ಟರಮ್ಮ ಹೇಳಿದ್ದರು.

ಕಿಟಕಿಯ ಮೇಲೆ ಮೆತ್ತನೆಯ ಒಂದು ಬ್ರಶ್ಶಿತ್ತು. ಕೂದಲು ಕತ್ತರಿಸಿದ ಮೇಲೆ ಗಿರಾಕಿಯ ಕತ್ತು ಒರೆಸುತ್ತಾರಲ್ಲ, ಆ ಬ್ರಶ್ಶು.

"ಇದು?" ಅವನು ಕೇಳಿದ.

"ನಮ್ಮ ಸಲೂನಿಂದು. ಹಿಡಿ ಸಡಿಲ ಆಗಿದೆ ಅಂತ ಅಕ್ಕ ಎಸೀತಿದ್ರು, ನಾನು ತಂದೆ. ಬೆನ್ನು ಬಾಚಿದ್ರೆ ಗುಂಡ ಕಣ್ಣು ಮುಚ್ಚಿ ರಾಜನ ಥರ ಮಲಗ್ತಾನೆ."

ಅವನು ಬ್ರಶ್ಶನ್ನು ತಿರುಗಿಸಿ ನೋಡಿದ. ಗುಂಡನ ಬೆನ್ನನ್ನು ನೋಡಿದ.

ಹೋಗುವಾಗ, "ಇದನ್ನ ಬಿಸಾಕ್ತೀನಿ, ಬಾಚೋದು ಬೇಡ," ಎಂದು ಕವರಿನಲ್ಲಿ ಸುತ್ತಿ ಒಯ್ದ.

'ಅದನ್ನೂ ಹಾಳು ಮಾಡ್ದ!' ಎಂದುಕೊಂಡಳು ಕತ್ತರಿ.

ಹೀಗೆ ಸಂಜೆಗಳು ಕಳೆದವು. ಅವನು ಮಾತಾಡುವುದು ಕಡಿಮೆ. ಅವಳು ಇಬ್ಬರ ಪಾಲಿನದನ್ನೂ ಮಾತಾಡುತ್ತಿದ್ದಳು.

"ಮೀನು ಸಾಕಿ ಸಾಕಿ ನಿಮಗೂ ಬಾಯಿ ಹೋಗಿದೆಯಾ?"

"ಬಾಯಿ ಇದೆ. ತೆಗೆಯೋಕೆ ಜಾಗ ಸಿಕ್ತಿಲ್ಲ."

ಅವಳು ಮೊದಲು ದುರುಗುಟ್ಟಿದಳು. ಆಮೇಲೆ ನಗು ತಡೆಯಲಾಗಲಿಲ್ಲ. ಪುಕ್ಕಲ ಬೆಚ್ಚಿ ಅವನ ಅಂಗಿಯ ತೋಳಿನೊಳಗೆ ನುಗ್ಗಿದ. ಅವನ ಬೆರಳುಗಳ ತುಂಬ ಗಾಜು ಕೊಯ್ದ ಹಳೆಯ ಗೀರುಗಳು. ಅಷ್ಟು ಗೀರುಗಳಿರುವ ಕೈಯಲ್ಲಿ ಪುಕ್ಕಲ ಹಾಗೆ ನಿದ್ದೆ ಹೋಗುವುದನ್ನು ನೋಡಿದರೆ ಅವಳಿಗೆ ಏನೋ ಆಗುತ್ತಿತ್ತು...

'ಛೆ! ರೋಗ ಹಂಚಿದವನ ಮೇಲೆ ಏನೇ ನಿಂದು?'

*

ಬೋಳು ಜಾಗದಲ್ಲಿ ರೇಷ್ಮೆಯಂಥ ಹೊಸ ಕೂದಲು ಬಂತು. ಅವಳ ಕೈಯ ಗುರುತೂ ಮಾಸಿತು.

"ನಾಳೆಯಿಂದ ಕುರ್ಚಿಗೆ ಬಾ," ಎಂದಳು ಯಜಮಾನಿ ಅಕ್ಕ.

ಆ ಖುಷಿಯಲ್ಲೇ ಅವಳು ಪೆಟ್ಟಿಗೆ ಹಿಡಿದು ಡಾಕ್ಟರಮ್ಮನ ಹತ್ತಿರ ಹೋದಳು. ಅಲ್ಲಿ ಬೆಂಚಿನ ಮೇಲೆ ಅವನ ಅಮ್ಮ. ಮಡಿಲಲ್ಲಿ ಒಂದು ಬಿಳಿ ಮೊಲ.

"ಇದಕ್ಕೂ ಬಂತಾ ಅಮ್ಮ?"

"ಇಲ್ಲಮ್ಮ, ಉಗುರು ಕತ್ತರಿಸೋಕೆ ತಂದೆ. ನಿಂಗೆ ಕೊಡೋ ತನಕ ಗುಂಡ ಪುಕ್ಕಲ ಇದ್ದಿದ್ದೇ ಇದರ ಗೂಡಲ್ಲಿ. ಇದರ ಮೈಮೇಲೆ ಒಂದು ಚುಕ್ಕೆ ಇಲ್ಲ ನೋಡು. ನೀನು ಕೂಗಾಡಿ ಹೋದ ಮಾರನೇ ದಿನವೇ ನನ್ನ ಮಗ ತಂದು ತೋರಿಸಿದ್ದ."

ಡಾಕ್ಟರಮ್ಮ ತಲೆಯಾಡಿಸಿದರು. "ಹೌದು, ಪರೀಕ್ಷೆ ಮಾಡಿಸಿದ್ವಿ. ಏನೂ ಇರ್ಲಿಲ್ಲ. ನಿನ್ನ ಪ್ರಾಣಿಗಳಿಗೆ ಬೇರೆ ಕಡೆಯಿಂದ ಅಂಟಿರ್ಬೇಕು. ಇದು ಹುಳ ಅಲ್ಲಮ್ಮ, ಬೂಷ್ಟು. ಕೂದಲಲ್ಲಿ, ಬಟ್ಟೇಲಿ, ಬಾಚಣಿಗೇಲಿ ಎಲ್ಲಿ ಬೇಕಾದ್ರೂ ಕೂತಿರತ್ತೆ. ಎರಡಕ್ಕೂ ಬೆನ್ನ ಮೇಲೇ ಶುರುವಾಗಿದೆ. ಬೆನ್ನಿಗೆ ಏನಾದ್ರೂ ಸವರ್ತಿದ್ಯಾ?"

ಕತ್ತರಿಗೆ ಸಲೂನಿನ ಬ್ರಶ್ಶು ನೆನಪಾಯಿತು, ಅವನು ಅದನ್ನು ಕವರಿನಲ್ಲಿ ಸುತ್ತಿ ಒಯ್ದದ್ದೂ.

"ಅವನಿಗೆ ಗೊತ್ತಿತ್ತಾ...?"

"ನನ್ನ ಮೂಕಪ್ಪ ಏನು ಹೇಳ್ತಾನೆ!" ಅಮ್ಮ ಮೊಲದ ಕಿವಿ ನೇವರಿಸಿದರು. "ಶಾಲೆಯವರು ದೊಡ್ಡ ತೊಟ್ಟಿ ಮಾಡ್ಕೊಡೋಕೆ ಹೇಳಿದ್ರು, ರೋಗದ ಅಂಗಡಿ ಅಂತ ಬೇಡ ಅಂದ್ರು. ಯಾಕೋ ಸುಮ್ನಿದ್ದೀಯಾ ಅಂದ್ರೆ, ಸರಿಹೋಗತ್ತೆ ಬಿಡಮ್ಮ ಅಂತಾನೆ. ನಿನ್ನ ಮೇಲೆ ನಂಗೆ ಸಿಟ್ಟಿಲ್ಲಮ್ಮ. ಸ್ವಲ್ಪ ಇತ್ತು. ನೀನು ಪೆಟ್ಟಿಗೆ ವಾಪಸ್ ಎತ್ಕೊಂಡು ಹೋದ್ಯಲ್ಲ, ಅವಾಗ ಹೋಯ್ತು."

*

ಮರುದಿನ ಬೆಳಗ್ಗೆ ಸಲೂನಿನ ಕನ್ನಡಿಯ ಮುಂದೆ ಅವಳ ಕುರ್ಚಿ ಮಿರಮಿರ ಹೊಳೆಯುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಬೆಕ್ಕಿನ ಮೇಡಂ. ಮನೆಯಲ್ಲಿ ಬೆಕ್ಕನ್ನು ಶಾಲಿನ ಹಾಗೆ ಕತ್ತಿಗೆ ಸುತ್ತಿಕೊಂಡು ಟಿವಿ ನೋಡುವ ಖಾಯಂ ಗಿರಾಕಿ.

ಯಜಮಾನಿ ಅಕ್ಕ ಕೂದಲು ಕತ್ತರಿಸಿ ಮುಗಿಸಿ, ಬ್ರಶ್ಶು ತೆಗೆದು ಮೇಡಂ ಕತ್ತು ಒರೆಸಿದಳು. ಕಾಲರ್ ಸರಿಯಿತು.

ಕತ್ತಿನ ಹಿಂದೆ ಅದೇ ಕೆಂಪು ಬಳೆ. ಅಂಚಿನಲ್ಲಿ ಬಿಳಿ ಹೊಟ್ಟು.

ಬ್ರಶ್ಶು ಮತ್ತೆ ಮೇಜಿನ ಮೇಲೆ ಕೂತಿತು, ಮುಂದಿನ ಕತ್ತಿಗೆ ಕಾಯುತ್ತ.

ಕತ್ತರಿ ಏಪ್ರನ್ ಕೂಡ ಬಿಚ್ಚಲಿಲ್ಲ. ಅಕ್ವೇರಿಯಂ ಅಂಗಡಿಗೆ ಓಡಿದಳು.

"ಮೊದಲ ದಿನವೇ ಗೊತ್ತಿತ್ತು ಅಲ್ವಾ?"

ಅವನು ಗಾಜಿನ ಮೇಲೆ ಗೆರೆ ಎಳೆಯುತ್ತಿದ್ದ. ಕೈ ನಿಂತಿತು. "ಅನುಮಾನ ಇತ್ತು. ಮೊಲ ತೋರಿಸಿದ ಮೇಲೆ ಗೊತ್ತಾಯ್ತು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಸೀದಾ ಹೋಗಿ ಸಲೂನಲ್ಲಿ ಕೂಗ್ತಿದ್ರಿ. ನಿಮ್ಮ ಬಾಯಿ ನಂಗೊತ್ತು. ಕುರ್ಚಿ ಹೋಗ್ತಿತ್ತು. ನನ್ನ ಅಂಗಡಿ ಒಂದಲ್ಲ ಒಂದು ದಿನ ಸರಿಹೋಗತ್ತೆ. ಈಗಲೂ ಸುಮ್ನಿದ್ಬಿಡಿ."

ಕಥೆಯ ನಾಯಕಿಯರು ಇಂಥ ಮಾತಿಗೆ ಕಣ್ಣೀರಾಗಿ ಎದೆಗೊರಗುತ್ತಾರೆ. ಕತ್ತರಿ ಒರಗಲಿಲ್ಲ.

"ದೊಡ್ಡ ತ್ಯಾಗಿ! ಅಲ್ಲಿ ಅಂಥದೇ ಬ್ರಶ್ಶು ದಿನಾ ಎಷ್ಟು ಕತ್ತಿನ ಮೇಲೆ ಓಡಾಡ್ತಿದೆ ಗೊತ್ತಾ? ನನ್ನ ಕುರ್ಚಿ ಉಳಿಸೋಕೆ ಅವರಿಗೆಲ್ಲ ಹುಳುಕಡ್ಡಿ ಹಂಚೋದಾ? ನನಗೇನು ಬೇಕು ಅಂತ ನನ್ನ ಒಂದು ಮಾತು ಕೇಳಿದ್ರಾ?"

ಅವನು ಗಾಜನ್ನು ಪಕ್ಕಕ್ಕಿಟ್ಟ. ಆ ಕತ್ತುಗಳ ಯೋಚನೆಯೇ ಅವನಿಗೆ ಬಂದಿರಲಿಲ್ಲ. ಅವನು ಯೋಚಿಸಿದ್ದು ಒಂದೇ ಕತ್ತು, ಅವಳದು.

"ಇಲ್ಲ. ತಪ್ಪು ಮಾಡ್ದೆ," ಎಂದ.

ಈ ಸಲದ ತಪ್ಪು ನಿಜವಾಗಿ ಅವನದೇ ಆಗಿತ್ತು. ಅದಕ್ಕೇ ಇರಬೇಕು, ಅವಳ ಸಿಟ್ಟು ಅಲ್ಲಿಗೇ ನಿಂತಿತು.

*

ಅವಳು ಸಲೂನಿಗೆ ವಾಪಸಾಗಿ ಬಾಗಿಲು ಮುಂದೆ ಮಾಡಿ ಎಲ್ಲವನ್ನೂ ಹೇಳಿದಳು. ಬ್ರಶ್ಶು, ಬೆಕ್ಕು, ಬೆನ್ನು... ಒಂದನ್ನೂ ಬಿಡಲಿಲ್ಲ.

"ಎಲ್ಲ ಬ್ರಶ್ಶೂ ಎಸೀಬೇಕು ಅಕ್ಕ. ಮೇಡಂಗೂ ಹೇಳ್ಬೇಕು, ಬೆಕ್ಕಿಗೂ ಔಷಧಿ ಬೇಕು."

ಯಜಮಾನಿ ಅಕ್ಕ ಮೇಜಿನ ಬ್ರಶ್ಶನ್ನು ಎರಡು ಬೆರಳಲ್ಲಿ ಎತ್ತಿ ದೂರ ಸರಿಸಿದಳು. "ಬ್ರಶ್ಶು ಎಸೀತೀನಿ. ಮೇಡಂಗೆ ನಾನೇ ಮೆಲ್ಲಗೆ ಹೇಳ್ತೀನಿ. ನೀನು ಇದನ್ನ ಆಚೆ ಬಾಯಿ ಬಿಡ್ಬೇಡ. ನಮ್ಮ ಹೆಸರು ಹಾಳಾಗತ್ತೆ."

"ಮೀನಿನ ಅಂಗಡಿ ಹೆಸರು ನಾನು ಬೀದೀಲಿ ನಿಂತು ಹಾಳು ಮಾಡಿದೀನಿ ಅಕ್ಕ. ಬೀದೀಲೇ ಸರಿ ಮಾಡ್ಬೇಕು."

"ಮಾಡು. ಮಾಡಿದ್ಮೇಲೆ ಇಲ್ಲಿಗೆ ಬರ್ಬೇಡ."

ಅವಳು ಕುರ್ಚಿಯನ್ನು ಒಮ್ಮೆ ನೋಡಿದಳು. ಒರಗುವ ಜಾಗದಲ್ಲಿ ಅವಳೇ ಹೊಲಿದು ಮುಚ್ಚಿದ್ದ ಒಂದು ಹರಕು. ಏಪ್ರನ್ ಬಿಚ್ಚಿ, ಮಡಚಿ, ಅದರ ಮೇಲಿಟ್ಟಳು. ತನ್ನ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಅಕ್ವೇರಿಯಂ ಅಂಗಡಿಯ ಮುಂದೆ, ಅಂದು ನಿಂತ ಜಾಗದಲ್ಲೇ ನಿಂತಳು. ಉಸಿರೆಳೆದುಕೊಂಡಳು.

"ಎಲ್ರೂ ಕೇಳಿ! ಹುಳುಕಡ್ಡಿ ಈ ಅಂಗಡಿಯಿಂದ ಬಂದದ್ದಲ್ಲ! ನಾನು ಸಲೂನಿಂದ ತಂದ ಬ್ರಶ್ಶಿಂದ ಬಂದದ್ದು! ಅವತ್ತು ನಾನು ಕೂಗಿದ್ದು ತಪ್ಪು!"

ಮೀನುಗಳು ಮತ್ತೆ ಹಿಂಬದಿಗೆ ಓಡಿದವು. ರಸ್ತೆಯಲ್ಲಿ ಹೋಗುತ್ತಿದ್ದವರು ಮತ್ತೆ ನಿಂತರು.

ಅಮ್ಮ ಬಾಗಿಲಿಗೆ ಬಂದರು. "ಇನ್ನೊಂದು ಸಲ ಹೇಳಮ್ಮ. ಸ್ಟೇಷನರಿಯವನು ಗಿರಾಕಿ ಜೊತೆ ಇದ್ದ, ಪಾಪ, ಕೇಳಿಸ್ಕೊಳ್ಳಲಿಲ್ಲ."

ಅವಳು ಇನ್ನೊಂದು ಸಲವೂ ಹೇಳಿದಳು.

ಅವನು ಹೊರಗೆ ಬಂದು ಒಂದು ಲೋಟ ನೀರು ಕೊಟ್ಟ. "ಕುರ್ಚಿ?"

"ಹೋಯ್ತು. ಕತ್ತರಿ ನನ್ನತ್ರ ಇದೆ. ಕುರ್ಚಿ ಎಲ್ಲಾದ್ರೂ ಸಿಗತ್ತೆ."

ನೀರು ಕುಡಿದು ಲೋಟ ವಾಪಸ್ ಕೊಡುವಾಗ ಅವಳ ಕಣ್ಣು ಅವನ ಮಣಿಕಟ್ಟಿನ ಮೇಲೆ ಬಿತ್ತು. ಅಂಗಿಯ ತೋಳಿನ ಕೆಳಗೆ, ಪುಕ್ಕಲ ದಿನಾ ತಲೆಯಿಟ್ಟು ಮಲಗುತ್ತಿದ್ದ ಜಾಗದಲ್ಲಿ, ಕೆಂಪಗೆ ದುಂಡಗೆ...

"ಇದು ಯಾವಾಗಿಂದ?"

"ಸ್ವಲ್ಪ ದಿನ ಆಯ್ತು. ಹೇಳಿದ್ರೆ ಬರ್ಬೇಡ ಅಂತಿದ್ರಿ."

"ಮತ್ತೆ ಮುಚ್ಚಿಟ್ರಾ!"

"ಇದೇ ಕೊನೆ." ಅವನು ಲೋಟವನ್ನು ಸುಮ್ಮನೆ ತಿರುಗಿಸಿದ. "ಇನ್ನೊಂದಿದೆ. ಅದನ್ನೂ ಈಗಲೇ ಹೇಳ್ಬಿಡ್ತೀನಿ. ಗಿನಿ ಪಿಗ್ ವಾಸಿಯಾಗೋದು ತಡ ಆಗ್ಲಿ ಅಂತ ದಿನಾ ಅಂದ್ಕೋತಿದ್ದೆ."

ಅವಳು ಚೀಲದಿಂದ ಮುಲಾಮು ತೆಗೆದಳು. ಕೈಗವಸು ಹಾಕಿಕೊಂಡು ಅವನ ಮಣಿಕಟ್ಟನ್ನು ಹಿಡಿದು, ಅಂಚಿನಿಂದ ಒಳಕ್ಕೆ, ಗುಂಡನಿಗೆ ಹಚ್ಚಿದಷ್ಟೇ ಮೆತ್ತಗೆ ಹಚ್ಚಿದಳು.

"ಕೂದಲು ಬಂದ್ರೂ ಔಷಧಿ ನಿಲ್ಲಿಸ್ಬಾರದಂತೆ," ಎಂದಳು ತಲೆ ಎತ್ತದೆ. "ಡಾಕ್ಟರಮ್ಮ ಹೇಳಿದ್ರು. ಇನ್ನೂ ಇಬ್ರು ಬೇಕು."

"ಬರ್ತೀನಿ."

"ಪೂರ್ತಿ ವಾಸಿಯಾದ್ಮೇಲೆ?"

"ಆಮೇಲೂ ಹಿಡ್ಕೋತೀನಿ. ಗುಂಡನ್ನ, ಪುಕ್ಕಲನ್ನ..." ಅವನು ತಡವರಿಸಿದ. "ಒಪ್ಪಿದ್ರೆ, ಮೂರನೇದನ್ನೂ."

ಅವಳ ಕಿವಿ ಕೆಂಪಾಯಿತು.

"ಮೂರನೇದು ಕಚ್ಚತ್ತೆ."

"ಗೊತ್ತು," ಎಂದ ಅವನು. "ಮೊದಲ ದಿನವೇ ಕಚ್ಚಿತ್ತು."