ದೇವಾಪುರ ರಸ್ತೆಯ ಬೋಲ್ಟ್

ಬೆಳಿಗ್ಗೆ ಸುಮಲತಾ ಸುರಪುರ ಠಾಣೆಗೆ ಬಂದಳು. ಹಿಂದಿನ ಸಂಜೆ ದೇವಾಪುರ ರಸ್ತೆಯಲ್ಲಿ ಗಂಡ ಬೀರೇಶನ ಹಳೆಯ ಕಾರು ಬೇವಿನ ಮರಕ್ಕೆ ಬಡಿದಿತ್ತು. ಆಸ್ಪತ್ರೆ ತಲುಪುವಷ್ಟರಲ್ಲಿ ಅವನು ತೀರಿಕೊಂಡಿದ್ದ. ಟಿಪ್ಪರ್ ಗುದ್ದಿ ಓಡಿಹೋಗಿದೆ ಎಂಬುದು ಅವಳ ದೂರು.

"ಟಿಪ್ಪರ್ ಯಾರು ನೋಡ್ಯಾರ?" ಪಿಎಸ್‌ಐ ಯಶೋಧರಾ ಕೇಳಿದರು.

"ನಮ್ಮಣ್ಣ ಮರಿಲಿಂಗ ನೋಡ್ಯಾನ್ರಿ. ಅಲ್ಲಿಗೆ ಮೊದಲು ಹೋದಾವ ಅವನ."

ಎಫ್‌ಐಆರ್ ದಾಖಲಿಸಿ ಯಶೋಧರಾ ಕಾನ್‌ಸ್ಟೆಬಲ್ ಬಸವಕುಮಾರನೊಂದಿಗೆ ಸ್ಥಳಕ್ಕೆ ಹೋದರು. ಪಂಚರ ಎದುರು ಪಂಚನಾಮೆ ಶುರುವಾಯಿತು. ಕಾರಿನ ಮೈಮೇಲೆ ಬೇರೆ ವಾಹನ ತಾಗಿದ ಗುರುತಿಲ್ಲ. ಮುಂದಿನ ಎಡಗಾಲಿ ಮಾತ್ರ ಹೊರಕ್ಕೆ ಮಡಚಿ ಬಿದ್ದಿತ್ತು. ಒಳಗಿನ ಎಕ್ಸಲ್ ಹೊಸದು, ಗ್ರೀಸ್ ಇನ್ನೂ ಹಸಿ.

ಮೋಟಾರು ವಾಹನ ನಿರೀಕ್ಷಕರು ಕಾರಿನಡಿ ಬಗ್ಗಿ ಬಹಳ ಹೊತ್ತು ನೋಡಿದರು. "ಎಕ್ಸಲ್ ಹಾಕಬೇಕಾದ್ರ ಗಾಲಿಯ ಕೆಳಗಿನ ಕೀಲು ಬಿಚ್ಚಬೇಕ್ರಿ. ಅದನ್ನ ಹಿಡಿಯೋ ಬೋಲ್ಟ್ ಇದು. ಇದು ಮುರಿದ ಹೊರತು ಕೀಲು ಹೊರಗ ಬರೂದಿಲ್ಲ. ಆದ್ರ ಕೀಲು ಹೊರಗೈತಿ, ಬೋಲ್ಟ್ ಇಡಿಯಾಗೈತಿ."

"ಅಂದ್ರ ಕಾರು ಬಡಿದ ಮ್ಯಾಲ ಬೋಲ್ಟ್ ಹಾಕ್ಯಾರ?" ಯಶೋಧರಾ ಕೇಳಿದರು.

"ಹೌದ್ರಿ."

ಬೀರೇಶನ ಕಾರಿಗೆ ಎಕ್ಸಲ್ ಹಾಕಿದ್ದು ಯಾರೆಂದು ಬಸ್‌ಸ್ಟ್ಯಾಂಡಿನ ಹತ್ತಿರ ಕೇಳಿದರೆ ಎಲ್ಲರೂ ಒಂದೇ ಗ್ಯಾರೇಜು ತೋರಿಸಿದರು. ಅದು ಮರಿಲಿಂಗನದು.

ಅವನು ಕೆಲಸ ನಿಲ್ಲಿಸಿ ಬಾಗಿಲಲ್ಲೇ ಕೂತಿದ್ದ. ಅವರನ್ನು ಕಂಡು ಎದ್ದು ನಿಂತ.

"ಟಿಪ್ಪರ್ ಯಾವ ಬಣ್ಣದ್ದು?"

ಅವನು ಬಟ್ಟೆ ತೆಗೆದುಕೊಂಡು ಕೈ ಒರೆಸತೊಡಗಿದ.

"ಮರಿಲಿಂಗ, ಬೋಲ್ಟ್ ಯಾವಾಗ ಹಾಕಿದಿ?"

"ಬೀರೇಶ ಮರಕ್ಕ ಬಡಿದ ಮ್ಯಾಲರಿ." ಅವನು ಮತ್ತೆ ಬಾಗಿಲಲ್ಲಿ ಕೂತ. "ಕಾರ್ ಹೋದ ಮ್ಯಾಲ ನೋಡ್ತೀನಿ, ಬೋಲ್ಟ್ ಬಿಚ್ಚಿದ ಸಾಮಾನಿನ ತಾಟಿನ್ಯಾಗ ಐತಿ. ಫೋನ್ ಹಚ್ಚಿದೆ, ಎತ್ತಲಿಲ್ಲ. ಬೋಲ್ಟ್ ಕಿಸೇದಾಗ ಇಟ್ಕೊಂಡು ಗಾಡಿ ಮ್ಯಾಲ ಬೆನ್ನಹತ್ತಿದೆ. ಸಿಕ್ಕನ್ರಿ, ಮರದ ಬುಡಕ್ಕ. ಆಟೋದಾಗ ದವಾಖಾನಿಗೆ ಕಳಿಸಿದೆ. ಅಲ್ಲೇ ಕೂತು ಬೋಲ್ಟ್ ತಿರುವಿದೆ. ಸಿಕ್ಕಿ ಬೀಳ್ತೀನಿ ಅಂತ ಗೊತ್ತಿತ್ತು, ಕೈ ಕೇಳಲಿಲ್ಲ."

"ತಪ್ಪಾತು ಅಂತ ನಿನ್ನೇನ ಹೇಳಬಹುದಿತ್ತಲ್ಲ?"

"ಕೆಲಸದ ನಡುವ ನಮ್ಮ ಸುಮಾ ರೊಟ್ಟಿ ತಂದಿದ್ಲರಿ. ಆರತಾವ, ಮೊದಲು ಉಣ್ಣಣ್ಣ ಅಂದ್ಲು. ಉಂಡು ಬಂದು, ಎಲ್ಲಾ ಬಿಗಿದೀನಿ ಅಂತ ತಿಳ್ಕೊಂಡು ಗಾಲಿ ಏರಿಸಿದೆ. ಅಕಿಗೆ ಗೊತ್ತಾದ್ರ, ನಾನೇ ಅಣ್ಣನ್ನ ಕೆಲಸದಿಂದ ಎಬ್ಬಿಸಿದೆ ಅಂತ ತಪ್ಪು ತನ್ನ ಮ್ಯಾಲ ಹಾಕೋತಾಳ. ಟಿಪ್ಪರ್ ಅಂದ್ರ ಅದಕ್ಕ ಬೈಯಾಕರ ಬರ್ತದ."

ಅಜಾಗರೂಕತೆಯಿಂದ ಸಾವು, ಸಾಕ್ಷ್ಯ ತಿರುಚಿದ ಆರೋಪಗಳ ಮೇಲೆ ಸಂಜೆ ಅವನ ಬಂಧನವಾಯಿತು. ಸುದ್ದಿ ಕೇಳಿ ಸುಮಲತಾ ಠಾಣೆಗೆ ಓಡಿಬಂದಳು. ಅಣ್ಣನ ಎದುರು ನಿಂತಳು.

"ಹೆಂಗ ಮರ್ತಿ ಅಣ್ಣಾ?"

ಮರಿಲಿಂಗ ಯಶೋಧರಾ ಅವರ ಮುಖ ನೋಡಿದ.

"ಹಂಗ ಮರ್ತೆ," ಅಂದ. "ನಿದ್ದಿಗೆಟ್ಟಿದ್ದೆ."

ಅವನ ನಿಜವಾದ ಹೇಳಿಕೆ ಮೇಜಿನ ಮೇಲೆ ಬರೆದು ಬಿದ್ದಿತ್ತು. ಒಂದು ದಿನ ನ್ಯಾಯಾಲಯದಲ್ಲಿ ರೊಟ್ಟಿಯ ಮಾತು ಹೊರಬರುವುದು, ಸುಮಲತಾ ಆಗ ಅಲ್ಲೇ ಇರುವಳು. ಯಶೋಧರಾ ಹೇಳಿಕೆಯ ಹಾಳೆ ಮಗುಚಿಟ್ಟು, ಅವಳಿಗೆ ಕೂರಲು ಕುರ್ಚಿ ಎಳೆದರು.